ನಾಲ್ಕು ಸೆಕೆಂಡಿನ ಅಕ್ಕ

ನನ್ನ ಕೆಲಸ ಉಸಿರು ತೆಗೆಯುವುದು. ಕೊಲೆಗಾರನ ಮಾತಿನಂತೆ ಕೇಳಿಸುತ್ತದೆ, ಗೊತ್ತು. ನನ್ನ ಹೆಂಡತಿ ಇದನ್ನೇ ಹೇಳಿ ನೆಂಟರನ್ನು ನಗಿಸುತ್ತಾಳೆ. ಜಾಹೀರಾತಿಗೆ ದನಿ ಕೊಡುವವರು ಮಾತಿನ ನಡುವೆ ಉಸಿರೆಳೆದುಕೊಂಡರೆ ಆ ಸದ್ದನ್ನು ಕತ್ತರಿಸಿ, ಮಾತಿಗೆ ಮಾತು ಅಂಟಿಸುವುದು ಸ್ಟುಡಿಯೋದಲ್ಲಿ ನನ್ನ ಪಾಲಿನ ಕೆಲಸ. ಒಂದು ಉಸಿರು ತೆಗೆದರೆ ಕಾಲು ಸೆಕೆಂಡು ಉಳಿಯುತ್ತದೆ. ಹತ್ತೊಂಬತ್ತು ವರ್ಷಗಳಿಂದ ಹೀಗೆ ಉಳಿಸುತ್ತ ಬಂದಿದ್ದೇನೆ. ಅದೆಲ್ಲ ಯಾರ ಮನೆ ಸೇರಿತೋ ದೇವರಿಗೇ ಗೊತ್ತು.

ಇದು ನಮ್ಮಲ್ಲಿ ಎಲ್ಲರೂ ‘ನಾಲ್ಕು ಸೆಕೆಂಡಿನ ಅಕ್ಕ’ ಎಂದು ಕರೆಯುತ್ತಿದ್ದವಳ ಕಥೆ. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಮೊದಲು ಸಂಗೀತ, ಕುಣಿತ, ಗೆದ್ದವನ ಮೂವತ್ತೆರಡು ಹಲ್ಲು. ಕೊನೆಯಲ್ಲಿ ಡಬ್ಬಿಯಿಂದ ಗುಂಡಿಗಳು ನೆಲಕ್ಕೆ ಚೆಲ್ಲಿದಂತೆ ಏನೋ ಪಟಪಟ ಕೇಳಿಸುತ್ತದಲ್ಲ, ಅದು ಅವಳು. “ಈ ಆಟದಲ್ಲಿ ಹಣ ಕಳೆದುಕೊಳ್ಳುವ ಅಪಾಯವಿದೆ, ಇದು ಚಟವಾಗಬಹುದು, ದಯವಿಟ್ಟು ಎಚ್ಚರಿಕೆಯಿಂದ, ನಿಮ್ಮ ಸ್ವಂತ ಹೊಣೆಯ ಮೇಲೆ ಆಡಿ.” ಗಡಿಯಾರ ನೋಡಿಕೊಂಡು ನೀವೊಮ್ಮೆ ಹೇಳಿ ನೋಡಿ. ಹತ್ತು ಸೆಕೆಂಡಾದರೂ ಬೇಕು. ಅವಳಿಗೆ ನಾಲ್ಕು ಸಾಕು, ಒಂದಕ್ಷರವನ್ನೂ ನುಂಗುತ್ತಿರಲಿಲ್ಲ. ಬೇರೆಯವರ ದನಿಯನ್ನು ನಾನು ಯಂತ್ರಕ್ಕೆ ಹಾಕಿ ಓಡಿಸಬೇಕಿತ್ತು. ಅವಳದರಲ್ಲಿ ‘ಚಟವಾಗಬಹುದು’ ಆದ ಮೇಲಿನ ಒಂದೇ ಒಂದು ಉಸಿರು ತೆಗೆದರೆ ಮುಗಿಯಿತು.

ಈ ನಾಲಿಗೆ ಅವಳಿಗೆ ಬಂದದ್ದು ಬಸ್ ನಿಲ್ದಾಣದಿಂದ. ಹತ್ತೊಂಬತ್ತರ ವಯಸ್ಸಿಗೇ ಅಲ್ಲಿನ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದಳಂತೆ. ಅಪ್ಪ ಮೊದಲೇ ಇರಲಿಲ್ಲ, ಆ ವರ್ಷ ಅಮ್ಮನೂ ಹೋದಳು. ಉಳಿದವನು ಆರು ವರ್ಷದ ತಮ್ಮ. ಮಹಾ ಹಟಮಾರಿ, ತುತ್ತಿಗೆ ಬಾಯಿ ತೆರೆಯುತ್ತಿರಲಿಲ್ಲ. ಅದಕ್ಕೆ ಇವಳು ಒಂದು ಉಪಾಯ ಮಾಡಿದಳು. ಹಳೇ ಸೇತುವೆ, ಗಿರಣಿ, ಗಡಿಯಾರದ ಕಂಬ, ದೊಡ್ಡಾಸ್ಪತ್ರೆ, ಜೈಲು ರಸ್ತೆ, ಮರದ ಮಂಡಿ ಎಂದು ನಿಲ್ದಾಣಗಳನ್ನೆಲ್ಲ ಒಂದೇ ಉಸಿರಿಗೆ ಹೇಳುವುದು. ಅವನು ನಗಲು ಬಾಯಿ ಬಿಟ್ಟ ಕೂಡಲೇ ತುತ್ತು ಒಳಗೆ. ಅವನು ಚಪ್ಪಾಳೆ ತಟ್ಟಿ “ಇನ್ನೂ ಬೇಗ ಹೇಳು ಅಕ್ಕ!” ಎನ್ನುತ್ತಿದ್ದನಂತೆ. ಅವಳು ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ “ಪುರುಸೊತ್ತಾಗ್ಲಿಲ್ಲ” ಎನ್ನುತ್ತಿದ್ದಳು.

ತಮ್ಮ ಬೆಳೆದು ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸಿದ, ಮದುವೆಯಾದ, ಒಬ್ಬಳು ಮಗಳೂ ಹುಟ್ಟಿದಳು. ಮೊದಮೊದಲು ಅಕ್ಕನ ದನಿ ಫೋನಿನಲ್ಲಿ ಬಂದಾಗ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಬ್ರೆಡ್ ಇಳಿಸಿದ ಅಂಗಡಿಗಳಲ್ಲೆಲ್ಲ ಫೋನು ಎತ್ತಿ ಹಿಡಿದು “ಇದು ನಮ್ಮಕ್ಕ” ಎಂದು ಕೇಳಿಸುತ್ತಿದ್ದ. ಒಂದು ದಿನ ಹಾಗೆ ಕೇಳಿಸಿದವನು ಮುಂದಕ್ಕೆ ಒತ್ತಿ ಆಡಿಯೂ ಬಿಟ್ಟ, ಗೆದ್ದ. ಅವತ್ತು ಸ್ಟುಡಿಯೋಗೆ ಫೋನು ಮಾಡಿ, “ಅಕ್ಕಾ, ನಿನ್ನ ಬಾಯಿ ಬಂಗಾರ ಕಣೇ! ನೀನು ಹೇಳಿ ಮುಗಿಸ್ದೆ, ನಾನು ಗೆದ್ದೆ” ಎಂದ. ಅವಳು ನಕ್ಕಳು. ಸುಳ್ಳು ಯಾಕೆ, ನಾನೂ ನಕ್ಕೆ.

ಅಲ್ಲಿಂದ ಅವನ ತಲೆಗೆ ಒಂದು ಹುಳ ಹೊಕ್ಕಿತು. ಅಕ್ಕ ಹೇಳಿದ ಮೇಲೆ ಆಡಿದರೆ ಗೆಲುವು. ಜಾಹೀರಾತು ಬೇಡವಾದವರಿಗೆ ಆಟದ ಕಂಪನಿ ತಿಂಗಳಿಗಿಷ್ಟು ಎಂದು ದುಡ್ಡು ತೆಗೆದುಕೊಂಡು ಬರಿಯ ಆಟ ಕೊಡುತ್ತಿತ್ತು. ಇವನು ಅದನ್ನು ಕಟ್ಟಲಿಲ್ಲ. ಬೇರೆಯವರು ಬೆರಳಿನಿಂದ ತಳ್ಳಿಹಾಕುವ ಜಾಹೀರಾತನ್ನು ಇವನು ಕಾದು ಕೂತು ಕೊನೆಯವರೆಗೆ ಕೇಳುತ್ತಿದ್ದ. ಇಡೀ ಊರಿನಲ್ಲಿ ಅವಳ ಎಚ್ಚರಿಕೆಯನ್ನು ದಿನಾ ಶ್ರದ್ಧೆಯಿಂದ ಕೇಳುತ್ತಿದ್ದವನು ಅವನೊಬ್ಬನೇ ಇರಬೇಕು.

ಒಂದು ಬೆಳಿಗ್ಗೆ ಅವನ ಹೆಂಡತಿ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಸ್ಟುಡಿಯೋಗೆ ಬಂದಳು. ಕಾರ್ಖಾನೆಯವರು ವ್ಯಾನಿನ ಕೀಲಿ ಕಿತ್ತುಕೊಂಡು ತಿಂಗಳಾಗಿತ್ತು. ಮನೆಯ ಒಂದೊಂದೇ ಸಾಮಾನು ಹೊರಗೆ ಹೋಗಿತ್ತು. ಈಗ ಅವನೂ ಹೋಗಿದ್ದ.

“ಒಂಬತ್ತು ದಿನ ಆಯ್ತು ಅತ್ತಿಗೆ. ನಾನು ಮಾಡಿದ್ರೆ ಫೋನ್ ಎತ್ತಲ್ಲ. ನೀವಂದ್ರೆ ಕೇಳ್ತಾರೆ. ನೀವೇ ಒಂದ್ಮಾತು ಹೇಳಿ.”

ಅಕ್ಕ ಅವರಿಬ್ಬರನ್ನೂ ಬಸ್ ಹತ್ತಿಸಿ ಬಂದಳು, ತಣ್ಣಗಾಗಿದ್ದ ಚಹಾ ಕುಡಿದಳು, ಒಳಗೆ ಹೋಗಿ ಆ ದಿನದ ಎಚ್ಚರಿಕೆಯನ್ನು ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ನಾಲ್ಕು ಸೆಕೆಂಡು, ಒಂದು ತಪ್ಪಿಲ್ಲ. ನನಗೆ ಸಿಟ್ಟು ಬಂತು. ಅಳಬಾರದೇ, ಏನನ್ನಾದರೂ ಎತ್ತಿ ಬಿಸಾಡಬಾರದೇ ಅನ್ನಿಸಿತು.

“ಏನಮ್ಮಾ, ನಿಂಗೇನೂ ಅನ್ನಿಸ್ತಿಲ್ವಾ?” ಎಂದೆ.

“ಇಲ್ಲ ಅಣ್ಣ. ಹಲ್ಲು ಕೀಳೋಕೆ ಮುಂಚೆ ಸೂಜಿ ಹಾಕ್ತಾರಲ್ಲ, ಹಂಗಿದೆ. ನಂದೇ ಕೆನ್ನೆ, ಮುಟ್ಟಿದ್ರೆ ಗೊತ್ತಾಗ್ತಿಲ್ಲ.”

ಮರುದಿನ ಜಾಹೀರಾತು ಕಂಪನಿಯವನು ಬಂದಾಗ ಅವಳು ಕೇಳಿದಳು, “ಸರ್, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ಲಾ?”

ಅವನು ಒಳ್ಳೆಯವನೇ. ಬೈಯಲಿಲ್ಲ. “ಮೇಡಂ, ರೂಲ್ಸಲ್ಲಿ ಜನಕ್ಕೆ ಕೇಳಿಸ್ಬೇಕು ಅಂತಷ್ಟೇ ಇರೋದು. ಅರ್ಥ ಆಗ್ಬೇಕು ಅಂತ ಎಲ್ಲೂ ಬರೆದಿಲ್ಲ” ಎಂದ.

“ಹಂಗಾದ್ರೆ ನನ್ನ ದನಿ ತೆಗೆದ್ಬಿಡಿ.”

“ಮುಂದಿಂದಕ್ಕೆ ಬೇರೆಯವರನ್ನ ಕರೀತೀವಿ, ಬಿಡಿ. ಆದ್ರೆ ಈಗಾಗ್ಲೇ ಹೋಗಿರೋದು ಹೋಯ್ತು ಮೇಡಂ. ಅದು ಎಷ್ಟು ಫೋನಲ್ಲಿದೆ ಅಂತ ನಮಗೇ ಗೊತ್ತಿಲ್ಲ.”

ಅವನು ಹೋದ ಮೇಲೆ ಅವಳು ನನ್ನತ್ತ ತಿರುಗಿ, “ಅಣ್ಣ, ಒಂದ್ಸಲ ನನಗೋಸ್ಕರ ರೆಕಾರ್ಡ್ ಮಾಡಿ” ಎಂದಳು. ಅವಳು ಮೈಕಿನ ಮುಂದೆ ಕೂತಳು, ನಾನು ರೆಕಾರ್ಡಿಂಗ್ ಶುರು ಮಾಡಿದೆ. ಅದೇ ಮಾತು. ಆದರೆ ನಿಧಾನವಾಗಿ, ಎದುರಿಗೆ ಕೂತವನಿಗೆ ಹೇಳುವಂತೆ. ‘ಹಣ ಕಳೆದುಕೊಳ್ಳುವ’ ಎಂದು ನಿಂತಳು. ‘ಚಟವಾಗಬಹುದು’ ಎಂದು ಉಸಿರೆಳೆದುಕೊಂಡಳು. ಕೊನೆಗೆ ಬರೆದುಕೊಟ್ಟಿರದ ಎರಡು ಮಾತು ಸೇರಿಸಿದಳು: “ಮನೆಗೆ ಬಾರೋ.” ಒಟ್ಟು ಇಪ್ಪತ್ತೊಂದು ಸೆಕೆಂಡು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಒಂದು ಉಸಿರನ್ನೂ ತೆಗೆಯಲಿಲ್ಲ. ತಮ್ಮನ ಫೋನಿಗೆ ಹಾಗೇ ಕಳಿಸಿದೆವು.

ಮೂರನೆಯ ದಿನ ಮಧ್ಯಾಹ್ನ ಅವಳ ಫೋನು ಬಡಿದುಕೊಂಡಿತು. ಅವನೇ. ಅವಳು ಫೋನನ್ನು ನನ್ನ ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

“ಅಕ್ಕ, ನೀನು ಕಳಿಸಿದ್ದು ಕೇಳ್ದೆ.”

ಅವಳ ಮುಖಕ್ಕೆ ಜೀವ ಬಂದದ್ದನ್ನು ನಾನು ಕಣ್ಣಾರೆ ಕಂಡೆ. “ಎಲ್ಲಿದೀಯೋ? ಊಟ ಮಾಡಿದ್ಯಾ?”

“ಅಕ್ಕ, ಅದು ಸರಿ ಇಲ್ಲ. ಅಷ್ಟು ನಿಧಾನಕ್ಕೆ ಹೇಳಿದ್ರೆ ಬರಲ್ಲ. ಅದನ್ನ ಕೇಳಿ ಆಡ್ದೆ, ಮೂರು ಸಲಾನೂ ಹೋಯ್ತು. ಬೇಗ ಹೇಳು ಅಕ್ಕ.”

ಅವಳು ಹಠಾತ್ತನೆ ಶುರು ಮಾಡಿದಳು. “ಹಳೇ ಸೇತುವೆ, ಗಿರಣಿ, ಗಡಿಯಾರದ ಕಂಬ, ದೊಡ್ಡಾಸ್ಪತ್ರೆ, ಜೈಲು ರಸ್ತೆ—” ಅಷ್ಟು ವೇಗವಾಗಿ ಅವಳು ಮಾತಾಡಿದ್ದನ್ನು ನಾನೂ ಕೇಳಿರಲಿಲ್ಲ.

“ಅಯ್ಯೋ, ಅದಲ್ಲ ಅಕ್ಕ. ಆಟದ್ದು. ಆಟದ್ದು ಹೇಳು.”

“ಮೊದಲು ಮನೆಗೆ ಬಾ. ಮಗು ಕೇಳ್ತಿದೆ.”

“ಒಂದೇ ಸಲ ಅಕ್ಕ. ನೀನು ಹೇಳು, ಇದೊಂದು ಆಡಿ ಬಂದ್ಬಿಡ್ತೀನಿ.”

ಅವಳು ತುಟಿ ಬಿಗಿದುಕೊಂಡಳು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಫೋನನ್ನೇ ನೋಡುತ್ತ ಕೂತಳು. ನಾನೂ ಉಸಿರು ಹಿಡಿದು ಕೂತೆ. ಆ ಕಡೆಯಿಂದ ಏನೋ ತಡಕಾಡುವ ಸದ್ದು, ಆಮೇಲೆ ಸಂಗೀತ, ಕುಣಿತದ ಗದ್ದಲ. ಅದು ನಿಂತ ಕೂಡಲೇ ಗುಂಡಿಗಳು ಚೆಲ್ಲಿದಂತೆ ಅವಳದೇ ದನಿ, ನಾಲ್ಕು ಸೆಕೆಂಡು, ನಡುವೆ ಒಂದು ಉಸಿರೂ ಇಲ್ಲದೆ.

“ಹಾ, ಬಂತು! ಬಂತು ಅಕ್ಕ!” ಎಂದು ಅವನು ಚಿಕ್ಕ ಮಗುವಿನಂತೆ ನಕ್ಕ. ಫೋನು ಕಟ್ಟಾಯಿತು.

ಅವಳು ನನ್ನ ಕಡೆ ತಿರುಗಿ, ಎಲ್ಲೋ ಸಾಕ್ಷಿ ಹೇಳಬೇಕಾಗಿ ಬಂದವಳಂತೆ, ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿದಳು.

“ನೀವು ನೋಡಿದ್ರಲ್ಲ ಅಣ್ಣ. ನಾನು ಬಾಯಿ ತೆಗೀಲಿಲ್ಲ.”