ಅಕ್ಕನ ಕಣ್ಣು

ಅದು ಬುಧವಾರ. ಕಟಿಂಗ್ ಮಾಸ್ಟರ್ ಎಂದಿನಂತೆ ಮನೆಯ ನೆಲದ ಮೇಲೆ ಕೋಟಿನ ಬಟ್ಟೆ ಹರವಿಕೊಂಡು ಕೂತಿದ್ದ. ಎಡಗಣ್ಣನ್ನು ಪೊರೆ ಪೂರ್ತಿ ಮುಚ್ಚಿತ್ತು, ಬಲಗಣ್ಣನ್ನು ಅರ್ಧ. ಟೈಲರ್ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ಹೆಂಡತಿ. ಬಟ್ಟೆಯನ್ನು ಮನೆಗೇ ತರಿಸಿ, ಅಳತೆ ಓದಿ, ಗೆರೆ ಎಳೆದು, ಗೆರೆಯ ಮೇಲೆ ದಪ್ಪ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಕೊಡುತ್ತಿದ್ದಳು. ಅವನು ಬೆರಳಲ್ಲಿ ದಾರ ಸವರುತ್ತ ಕತ್ತರಿ ಓಡಿಸುತ್ತಿದ್ದ. ಮೂವತ್ತು ವರ್ಷ ಪಳಗಿದ ಕೈ. ಒಂದೆಳೆ ಆಚೀಚೆ ಆಗುತ್ತಿರಲಿಲ್ಲ.

ಸೋಮವಾರ ಕಣ್ಣಾಸ್ಪತ್ರೆಯ ವ್ಯಾನು ಬರುವುದಿತ್ತು. ಆಪರೇಷನ್ ಪುಕ್ಕಟೆ. ಅವಳೇ ಅವನ ಹೆಸರು ಬರೆಸಿ ಬಂದಿದ್ದಳು, ಮೂರನೇ ಸಲ. ಮೊದಲ ಸಲ ಹೊಟ್ಟೆನೋವೆಂದು ಮುಸುಕು ಹಾಕಿ ಮಲಗಿದ್ದ. ಎರಡನೇ ಸಲ ಪೊರೆ ಇನ್ನೂ ಬಲಿತಿಲ್ಲ ಎಂದಿದ್ದ. ಈಗಲೂ ಅದನ್ನೇ ಅಂದ.

"ಬಲೀಲಿ ಅಂತ ಕಾಯೋಕೆ ಅದೇನು ಮಾವಿನಕಾಯಾ?"

"ಅಕ್ಕನ ಕಣ್ಣು ನೋಡಿದೀಯಲ್ಲ," ಎಂದ. ಅಲ್ಲಿಗೆ ಮಾತು ಮುಗಿಯಿತು.

ಅವನ ಅಕ್ಕ ಪಕ್ಕದ ಬೀದಿಯಲ್ಲಿ ಮಗ ಸೊಸೆಯ ಜೊತೆ ಇದ್ದಳು. ಮೂರು ವರ್ಷದ ಹಿಂದೆ ಪೊರೆ ತೆಗೆಸಿಕೊಂಡಿದ್ದಳು. ಅಂದಿನಿಂದ ಒಂದೇ ರಾಗ: ಇದ್ದ ಬೆಳಕೂ ಹೋಯಿತು, ಕುಯ್ಯಿಸಿಕೊಂಡು ಕೆಟ್ಟೆ. ಕಪ್ಪು ಕನ್ನಡಕ ಹಾಕಿ ಗೋಡೆ ಹಿಡಿದು ನಡೆಯುವಳು. ಸೊಸೆ ಊಟದ ತಟ್ಟೆಯನ್ನು ಕೈಗೇ ಕೊಡಬೇಕು. ತಾಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳೇ. ಅಕ್ಕ ಹೇಳಿದ ಮೇಲೆ ಅವನಿಗೆ ಡಾಕ್ಟರು ಯಾವ ಲೆಕ್ಕ?

ಸಂಜೆ ಕತ್ತರಿಸಿದ್ದನ್ನು ಗಂಟು ಕಟ್ಟಿ ಅಂಗಡಿಗೆ ಹೊರಟ. ತಾನೂ ಬರುತ್ತೇನೆ ಎಂದಳು.

"ಈ ವಯಸ್ಸಲ್ಲಿ ಕೈ ಹಿಡ್ಕೊಂಡು ಹೋದ್ರೆ ಹೊಸ ಮದುಮಕ್ಕಳು ಅಂತಾರೆ, ಕೂತ್ಕೋ," ಎಂದು ನಕ್ಕ.

ಇಳಿಬಿಸಿಲು ಎದುರಿಗಿತ್ತು. ಪೊರೆಗಣ್ಣಿಗೆ ಎದುರು ಬಿಸಿಲೆಂದರೆ ಎಲ್ಲ ಬಿಳಿ. ನೀರಿನ ಲಾರಿಯವನು ಹಾರನ್ ಹೊಡೆದನಂತೆ. ಲಾರಿ ಯಾವ ಕಡೆಯಿಂದ ಬರುತ್ತಿದೆಯೆಂದು ಇವನಿಗೆ ಕಾಣಲಿಲ್ಲ.

ಭಾನುವಾರದ ಹೊತ್ತಿಗೆ ಸಾವಿಗೆ ಬಂದವರೆಲ್ಲ ಹೋಗಿದ್ದರು. ಅವನ ಅಕ್ಕ, ಇವಳ ಅತ್ತಿಗೆ, ಮಾತ್ರ ಉಳಿದಿದ್ದಳು. ಒಳಗೆ ಮಲಗಿದ್ದ ಇವಳು ನೀರಿಗೆಂದು ಎದ್ದು ಬಂದು ಬಾಗಿಲಲ್ಲೇ ನಿಂತಳು. ಅತ್ತಿಗೆ ಕನ್ನಡಕ ತೆಗೆದಿಟ್ಟು, ಕಿಟಕಿಯ ಬೆಳಕಿಗೆ ಸೂಜಿ ಹಿಡಿದಿದ್ದಳು. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಹರಿದ ದಿಂಬಿನ ಚೀಲವನ್ನು ಹೊಲಿಯತೊಡಗಿದಳು. ಹೊಲಿಗೆ ನೇರವಾಗಿತ್ತು.

"ಅತ್ತಿಗೆ, ಕಾಣುತ್ತಾ?"

ಅತ್ತಿಗೆ ಕನ್ನಡಕಕ್ಕೆ ಕೈ ಹಾಕಿದಳು. ಆಮೇಲೆ ಬಿಟ್ಟಳು.

"ಸೊಸೆಗೆ ಹೇಳ್ಬೇಡ ತಾಯಿ. ಕಾಣುತ್ತೆ ಅಂದ್ರೆ ಮತ್ತೆ ಒಲೆ ಮುಂದೆ ನಿಲ್ಲಿಸ್ತಾಳೆ. ನಲವತ್ತು ವರ್ಷ ಬೇಯಿಸಿ ಹಾಕಿದೀನಿ. ಸಾಕಾಗಿತ್ತು."

"ತಮ್ಮನಿಗಾದ್ರೂ ಹೇಳ್ಬೋದಿತ್ತು."

"ಅವನ ಹೊಟ್ಟೇಲಿ ಮಾತು ನಿಲ್ಲುತ್ತಾ? ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಿದ್ದೆ."

ಇವಳು ಚಪ್ಪಲಿ ಮೆಟ್ಟಿ ನೇರ ಪಕ್ಕದ ಬೀದಿಗೆ ಹೋಗಿ ಸೊಸೆಗೆ ಹೇಳಿದಳು. ಸೊಸೆ ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

"ವರ್ಷದಿಂದ ಗೊತ್ತು ಅತ್ತೆ. ಮನೇಲಿ ಜಗಳ ಯಾಕೆ ಅಂತ ಸುಮ್ಮನಿದ್ದೆ."

ಇವಳು ವಾಪಸು ಬಂದು ಅತ್ತಿಗೆಯ ಬಟ್ಟೆಬರೆಯ ಚೀಲವನ್ನು ಹೊಸ್ತಿಲ ಆಚೆ ಇಟ್ಟಳು. ಅತ್ತಿಗೆ ಹೋದಳು. ಗೋಡೆ ಹಿಡಿಯಲಿಲ್ಲ. ಕಚ್ಚಾ ಹೊಲಿಗೆಯ ದಾರದ ಉಂಡೆ ಮೂಲೆಯಲ್ಲೇ ಬಿದ್ದಿತ್ತು. ಅದನ್ನು ನೋಡಿದಾಗ ಇವಳಿಗೆ ತನ್ನ ಮೇಲೂ ಸಿಟ್ಟು ಬಂತು.

ಸೋಮವಾರ ವ್ಯಾನು ಬಂತು. ನರ್ಸು ಪಟ್ಟಿ ನೋಡಿ ಅವನ ಹೆಸರು ಕೂಗಿದಳು. ಇವಳು ಬಾಗಿಲಿಗೆ ಬಂದು, ಇಲ್ಲ ಎಂದಳು.

"ಈ ಸಲಾನೂ ತಪ್ಪಿಸ್ಕೊಂಡ್ರಾ?" ಎಂದು ನರ್ಸು ನಕ್ಕಳು.

ಹೌದು ಎಂದಳು.

ಬೆಳಿಗ್ಗೆ ಎದ್ದ ಕೂಡಲೇ ಮಂಚದಿಂದ ಬಚ್ಚಲವರೆಗೆ ಅಡ್ಡ ಇರುವುದನ್ನೆಲ್ಲ ಅವಳು ಈಗಲೂ ಗೋಡೆಗೆ ಸರಿಸುತ್ತಾಳೆ: ಬಿಂದಿಗೆ, ಸ್ಟೂಲು, ಚಪ್ಪಲಿ. ಅವನು ಎಡವಬಾರದೆಂದು ಶುರುವಾದ ಕೆಲಸ. ಆಮೇಲೆ ಒಲೆ ಹಚ್ಚುತ್ತಾಳೆ.