ಬಾಯಿಪಾಠವಾದ ಐದು ಸಾಲು

ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಮೈ, ಕೂದಲು, ರೆಪ್ಪೆ ಎಲ್ಲ ಬಿಳಿ; ದೃಷ್ಟಿಯೂ ಮಂದ. ಸೋಪಿನ ಕಾರ್ಖಾನೆಯಲ್ಲಿ ಅವನನ್ನು ಹಾಲಪ್ಪ ಅಂತ ಕರೆಯುತ್ತಾರೆ. ಕರೆಯುವವರ ಬಾಯಿಗೆ ಹುಳ ಬೀಳ. ಸೋಪಿನ ಅಂಚು ಒಡೆದಿದೆಯೋ ಇಲ್ಲವೋ ಅವನು ಹೆಬ್ಬೆರಳು ಸವರಿ ಹೇಳಿಬಿಡುತ್ತಾನೆ; ಕಣ್ಣು ನೆಟ್ಟಗಿರುವ ನಾಲ್ವರು ಅವನ ಮುಂದೆ ದಂಡ.

ಆದರೆ ಕಾರ್ಖಾನೆಗೆ ಹೆಬ್ಬೆರಳು ಬೇಡ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಬೇಕು. ಗೋಡೆಯ ಅಕ್ಷರದ ಬೋರ್ಡಿನಲ್ಲಿ ಐದು ಸಾಲು ಓದದಿದ್ದರೆ ಕೆಲಸವಿಲ್ಲ. ಅವನಿಗೆ ಎರಡನೆಯದೂ ಕಾಣದು. ಬೋರ್ಡು ಎಲ್ಲ ಕಡೆಯೂ ಒಂದೇ ಥರದ್ದು. ನಾನೇ ಬರೆದುಕೊಂಡು ಬಂದು, ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡಿಸಿದೆ. ಹನ್ನೊಂದು ವರ್ಷ ಪಾಸಾದ.

ಕಳೆದ ವರ್ಷ ಆಸ್ಪತ್ರೆಯೊಂದರಲ್ಲಿ ಇಂಥವರ ದೃಷ್ಟಿ ಸುಧಾರಿಸುವ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದರು. ಸೇರಿಸಿದೆ. ಮೊದಲ ದಿನ ಅದೇ ಬೋರ್ಡು ತೋರಿಸಿದರಂತೆ. ಅಭ್ಯಾಸಬಲ, ಐದೂ ಸಾಲು ಗಡಗಡ ಒಪ್ಪಿಸಿಬಿಟ್ಟಿದ್ದಾನೆ. ಹೊರಗೆ ಕೂತಿದ್ದ ನನಗೆ ಗೊತ್ತೇ ಆಗಲಿಲ್ಲ.

ಮೊನ್ನೆ ವರ್ಷ ತುಂಬಿತು. ಸುಧಾರಿಸಿದವರಿಗೆ ಮಾತ್ರ ಮಾತ್ರೆ ಮುಂದುವರಿಯುತ್ತದೆ. ಈ ಸಲ ನಾನೂ ಒಳಗೆ ಹೋಗಿದ್ದೆ. ಅವನಿಗೆ ಅಕ್ಷರ ಕಂಡವಂತೆ. ಬಾಯಿಪಾಠ ಬಿಟ್ಟು, ನಿಜವಾಗಿ ನೋಡಿ ನಾಲ್ಕು ಸಾಲು ಓದಿದ. ಡಾಕ್ಟರಮ್ಮ ಫೈಲು ತಿರುವಿ, "ಐದಿತ್ತು, ನಾಲ್ಕಾಗಿದೆ. ಮಾತ್ರೆ ನಿಲ್ಲಿಸ್ತೀವಿ" ಅಂದರು.

"ಮೊದಲ್ನೇ ಸಲ ಓದಿದ್ದಲ್ಲ ಮೇಡಂ, ಬಾಯಿಪಾಠ ಒಪ್ಪಿಸಿದ್ದು" ಅಂದ ತಮ್ಮ.

"ಬರೆದಿದ್ದನ್ನ ಈಗ ತಿದ್ದೋಕಾಗಲ್ಲಪ್ಪ."

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗಿನ ಬೆಂಚಿನ ಮೇಲೆ ಅವನನ್ನು ಕೂರಿಸಿ, ಎದುರು ಬೆಂಚಿನಲ್ಲಿ ಕೂತು ಬೈದೆ. "ತಲೇಲಿ ಮಣ್ಣು ತುಂಬಿದ್ಯಾ? ಕಾಣಲ್ಲ ಅನ್ನೋಕೆ ಏನಾಗಿತ್ತು ನಿಂಗೆ?"

"ಕಾಣಲ್ಲ ಅಂದ್ರೆ ಮನೆಗೆ ಕಳಿಸ್ತಾರೆ ಅಂತ ನೀನೇ ಅಲ್ವೇನಕ್ಕ ಹೇಳ್ಕೊಟ್ಟಿದ್ದು?"

ಮಾಡಿದ್ದುಣ್ಣೋ ಮಹಾರಾಯ ಅನ್ನೋಣವೆಂದರೆ ಮಾಡಿಸಿದವಳು ನಾನೇ. ಅವನು ನನ್ನನ್ನೇ ನೋಡುತ್ತಿದ್ದ.

"ಅಕ್ಕ, ನಿನ್ನ ಗಲ್ಲದ ಮೇಲೆ ಗಾಯದ ಗುರುತಿದೆ. ಯಾವಾಗ ಆಯ್ತು?"

ಅವನು ಅಂಬೆಗಾಲಿಡುತ್ತಿದ್ದಾಗ ಆದದ್ದು. ಮೂವತ್ತು ವರ್ಷ ಈ ಮುಖ ಅವನ ಎದುರಿಗೇ ಓಡಾಡಿದೆ.

ರಟ್ಟೆ ಹಿಡಿದು ಅವನನ್ನು ಎಳೆದುಕೊಂಡು ಒಳಗೆ ನುಗ್ಗಿದೆ. "ಆ ಬೆಂಚಿಂದ ಈ ಗುರುತು ಕಂಡಿದೆ ಇವನಿಗೆ. ಬರ್ಕೊಳ್ಳಿ."

"ಅದಕ್ಕೆ ಫಾರಂನಲ್ಲಿ ಜಾಗ ಇಲ್ಲಮ್ಮ."

"ಜಾಗ ಆಗೋವರೆಗೂ ಇಲ್ಲೇ ಇರ್ತೀವಿ" ಅಂತ ಕುರ್ಚಿ ಎಳೆದುಕೊಂಡು ಕೂತೆ.