ರಾಜಗೃಹದಲ್ಲಿ ಒಲೆ ಉರಿಯದ ಮಧ್ಯಾಹ್ನ

ಕಳೆದ ತಿಂಗಳು ಪುತ್ತಿಗೆಯ ಒಂದು ಮನೆಯ ಹಿತ್ತಲಲ್ಲಿ ಕುಚ್ಚಲಕ್ಕಿ ಅನ್ನದ ತೆಳಿ ಬಸಿಯುತ್ತಿದ್ದರು. ಆ ಬಿಸಿ ಹಬೆಯ ವಾಸನೆ ಮೂಗಿಗೆ ತಾಗಿದ್ದೇ ನನಗೆ ಬಿಹಾರದ ಗುಡ್ಡಗಳು ನೆನಪಾದವು. ವಿಚಿತ್ರವೆಂದರೆ, ನಾವು ಆ ಗುಡ್ಡಗಳಿಗೆ ಹೋದ ದಿನ ಅನ್ನವೇ ಬೆಂದಿರಲಿಲ್ಲ...

ಪುತ್ತಿಗೆಯ ಆ ಮನೆ, ನಾವೆಲ್ಲ ಅಡುಗೆ ಅಕ್ಕ ಎನ್ನುತ್ತಿದ್ದವರದು. ಅಂದು ಅವರ ಉತ್ತರಕ್ರಿಯೆ.

ವರ್ಷಗಳ ಹಿಂದೆ ಅಮ್ಮನಿಗೆ ಕಾಶಿ ನೋಡುವ ಆಸೆಯಾಗಿತ್ತು. ಪುಣ್ಯದಲ್ಲಿ ನಂಬಿಕೆಯಿಲ್ಲದ ನಾನು ಅವಳ ಚೀಲ ಹೊತ್ತು ಬಂಟ್ವಾಳದಿಂದ ಹೊರಟಿದ್ದೆ. ಯಾತ್ರೆ ನಡೆಸುತ್ತಿದ್ದವರು ಬೆಳ್ತಂಗಡಿಯವರು. ಎಲ್ಲರೂ ಅವರನ್ನು ಧನಿಗಳು ಎನ್ನುತ್ತಿದ್ದರು. ನಮ್ಮವರಿಗೆ ಕಾಶಿಯಲ್ಲೂ ಕುಚ್ಚಲಕ್ಕಿ ಅನ್ನವೇ ಆಗಬೇಕು. ಹಾಗಾಗಿ ಅಕ್ಕಿ ಮೂಟೆ, ಗ್ಯಾಸ್ ಒಲೆಯ ಜೊತೆ ಅಡುಗೆ ಅಕ್ಕನೂ ಬಸ್ಸು ಹತ್ತಿದ್ದರು.

ಬಸ್ಸು ನಿಂತಲ್ಲೆಲ್ಲ ನಾವು ಇಳಿದು ನೋಡಲು ಹೋಗುವುದು, ಅವರು ಬಸ್ಸಿನ ನೆರಳಲ್ಲಿ ಒಲೆ ಹಚ್ಚುವುದು. ಕುಚ್ಚಲಕ್ಕಿ ಬೇಯಲು ತುಂಬ ಹೊತ್ತು ಬೇಕು. ಅಷ್ಟರಲ್ಲಿ ನಮ್ಮ ತಿರುಗಾಟ ಮುಗಿದಿರುತ್ತಿತ್ತು. ಊಟಕ್ಕೆ ಕೂತು ನಾವು ಕಂಡದ್ದನ್ನು ಹೇಳುತ್ತಿದ್ದೆವು, ಅವರು ಬಡಿಸುತ್ತಾ ಕೇಳುತ್ತಿದ್ದರು. ಕಾಶಿಯ ಘಾಟುಗಳೂ ಅವರಿಗೆ ದಕ್ಕಿದ್ದು ಹಾಗೆಯೇ.

ಬುದ್ಧನಿಗೆ ಒಂದು ವನವನ್ನೇ ಬಿಟ್ಟುಕೊಟ್ಟ ಬಿಂಬಿಸಾರನ ರಾಜಧಾನಿ, ಬಿಹಾರದ ರಾಜಗೃಹದಲ್ಲಿ ಮಾತ್ರ ಅಕ್ಕ ಒಲೆ ಹಚ್ಚಲಿಲ್ಲ. ಚಪ್ಪಲಿ ಹಾಕಿಕೊಂಡು ನಮ್ಮ ಸಾಲಿಗೆ ಬಂದು ನಿಂತರು. ಮಧ್ಯಾಹ್ನದ ಗತಿ ಏನೆಂದು ಧನಿಗಳು ಕೇಳಿದರು. ಅವಲಕ್ಕಿ ಉಂಟು, ಬಾಳೆಹಣ್ಣು ಉಂಟು ಎಂದರು ಅಕ್ಕ. ಸಕ್ಕರೆ ಕಾಯಿಲೆಯ ನನ್ನ ಅಮ್ಮ ಗೊಣಗಿದಳು. ಹೀಗಾದರೆ ಮುಂದಿನ ಯಾತ್ರೆಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಧನಿಗಳು ಎಲ್ಲರ ಮುಂದೆಯೇ ಹೇಳಿದರು. ಈ ಯಾತ್ರೆಗಳಿಂದಲೇ ಅಕ್ಕನ ಮನೆ ನಡೆಯುತ್ತಿತ್ತೆಂದು ನಮಗೆಲ್ಲ ಗೊತ್ತಿತ್ತು.

"ನೋಡಿ ಧನಿಗಳೇ," ಎಂದರು ಅಕ್ಕ. "ಇಷ್ಟು ದೂರ ಬಂದು ನಾನು ಕಂಡದ್ದು ಪಾತ್ರೆಯ ತಳ ಮಾತ್ರ. ಇವತ್ತು ನಾನೂ ಬರ್ತೇನೆ."

ಅವರು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ನಾನೇ ಸ್ವಲ್ಪ ಹರಿತ ಮಾಡಿರಬಹುದು...

ಗುಡ್ಡದ ಬೆನ್ನುದ್ದಕ್ಕೂ ಗಾರೆಯಿಲ್ಲದೆ ಪೇರಿಸಿದ ಬಂಡೆಗಲ್ಲಿನ ಕೋಟೆಗೋಡೆ ಇತ್ತು. ಅಕ್ಕ ಅದನ್ನು ಅಂಗೈಯಿಂದ ತಟ್ಟಿ ನೋಡಿದರು. ಮುಂದೆ ಹುಲ್ಲಿನ ನಡುವೆ ಒಂದು ಹಳೆಯ ಕಲ್ಲಿನ ಪಂಚಾಂಗ, ಗೋಡೆ ಹೋಗಿ ಉಳಿದ ಅಡಿಪಾಯ. ಬಿಂಬಿಸಾರನನ್ನು ಮಗನೇ ಇಲ್ಲಿ ಕೂಡಿಹಾಕಿ, ಅನ್ನ ನಿಲ್ಲಿಸಿ ಕೊಂದನಂತೆ ಎಂದು ಗೈಡ್ ಹಿಂದಿಯಲ್ಲಿ ಹೇಳಿದ. ಅಕ್ಕನಿಗೆ ಅದನ್ನು ತಿಳಿಸಿದ ನಾನು, ಇದೇ ಆ ಸೆರೆಮನೆ ಎನ್ನಲು ಪುರಾವೆ ಸಾಲದು ಎಂದೂ ಸೇರಿಸಿದೆ. ಅವರಿಗೆ ಪುರಾವೆ ಬೇಕಿರಲಿಲ್ಲ. ಕಲ್ಲಿನ ಮೇಲೆ ಕೂತು ಧನಿಗಳ ಕಡೆ ತಿರುಗಿದರು.

"ಅನ್ನ ನಿಂತರೆ ರಾಜನ ಕಥೆಯೂ ಇಷ್ಟೇ ಅಂತೆ. ನೀವು ಒಂದು ಮಧ್ಯಾಹ್ನಕ್ಕೇ ಬೊಬ್ಬೆ ಹಾಕ್ತೀರಿ ಮಾರಾಯ್ರೆ."

ಎಲ್ಲರೂ ನಕ್ಕರು, ಅಮ್ಮನೂ. ಧನಿಗಳು ನಗಲಿಲ್ಲ. ಮುಂದಿನ ಯಾತ್ರೆಗೆ ಅವರನ್ನು ಕರೆಯಲೂ ಇಲ್ಲ. ಆಮೇಲೆ ಅಕ್ಕ ಮೂಡುಬಿದಿರೆಯ ಮದುವೆ ಹಾಲ್‌ಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಒಮ್ಮೆ ಅಲ್ಲಿ ಸಿಕ್ಕಾಗ, ಬೇಸರ ಉಂಟಾ ಎಂದು ಕೇಳಿದ್ದೆ. ನೋಡಿ ಆಯಿತಲ್ಲ ಎಂದರು.

ಕಳೆದ ತಿಂಗಳು ಪುತ್ತಿಗೆಯ ಆ ಉತ್ತರಕ್ರಿಯೆಯ ಊಟದ ಪಂಕ್ತಿಯಲ್ಲಿ ಧನಿಗಳು ನನ್ನ ಎದುರೇ ಕೂತಿದ್ದರು. ಅಕ್ಕನ ಕೈರುಚಿ ಹೊಗಳುತ್ತಾ, ಪಾಪ ಒಂದು ದಿನವಾದರೂ ನೋಡಲಿ ಎಂದು ರಾಜಗೃಹದಲ್ಲಿ ತಾವೇ ಅವರನ್ನು ಕರೆದುಕೊಂಡು ಹೋದದ್ದಾಗಿ ಹೇಳಿದರು. ಸುತ್ತಲಿನವರು ತಲೆದೂಗಿದರು; ಆ ಯಾತ್ರೆಗೆ ಬಂದಿದ್ದವರು ಅವರಲ್ಲಿ ಯಾರೂ ಇರಲಿಲ್ಲ.

"ಅಲ್ಲ," ಎಂದೆ. "ನೀವು ಬೇಡ ಅಂದಿರಿ. ಅವರು ಒಲೆ ಹಚ್ಚದೆ ಬಂದರು."

"ನಿಮಗೆ ನೆನಪು ತಪ್ಪಿದೆ," ಎಂದರು ಧನಿಗಳು, ಅನ್ನ ಕಲಸುತ್ತಾ.

ಇರಬಹುದು. ಅಂದು ಅಕ್ಕ ಉಟ್ಟ ಸೀರೆಯ ಬಣ್ಣ ನನಗೆ ನೆನಪಿಲ್ಲ. ಅದು ಯಾವ ತಿಂಗಳು, ಅವಲಕ್ಕಿ ತಿಂದೆವೋ ಇಲ್ಲವೋ... ಅಮ್ಮನನ್ನು ಕೇಳಿದರೆ ಅವಳಿಗೆ ಗಂಗೆಯಷ್ಟೇ ನೆನಪು. ಪುರಾವೆಯಿಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು; ಹೌದು ಎನ್ನಬೇಕಾಗಿದ್ದ ಅಕ್ಕನೇ ಈಗ ಇಲ್ಲ. ಆದರೂ ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಅವರನ್ನು ಯಾರೂ ಕರೆದುಕೊಂಡು ಹೋಗಲಿಲ್ಲ.